ಬಿಸಿಲಿಗೆ ಹರವಿದ ಮಣ್ಣು

ನನ್ನ ತಮ್ಮ ಲಿಬೋರಿಯೊ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ. ನಾನು ನುಂಜಿಯೊನ ಕ್ಷೌರದ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದೆ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಆಗ ಚರ್ಚಿನ ಗಂಟೆ ಸತ್ತವರಿಗೆ ಹೊಡೆಯುವಂತೆ ಬಿಟ್ಟು ಬಿಟ್ಟು ಹೊಡೆಯಿತು. ನುಂಜಿಯೊ ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಹೋದ, ಬೀದಿಯಲ್ಲಿ ಯಾರನ್ನೋ ವಿಚಾರಿಸಿದ, ತಿರುಗಿ ಬಂದ.

"ಲಿಬೋರಿಯೊ ಅಂತೆ, ಮೆಲ್ಕಿಯೋರಣ್ಣ. ಟ್ರ್ಯಾಕ್ಟರು ಮಗುಚಿತಂತೆ."

"ಯಾವ ಲಿಬೋರಿಯೊ?" ಎಂದೆ. ಸಂತ ಲಿಬೋರಿಯೊನ ಊರು ನಮ್ಮದು. ಆ ಹೆಸರಿನವರು ಹತ್ತು ಹನ್ನೆರಡು ಮಂದಿ ಇದ್ದರು.

"ಅದೇ, ಸುಲ್ಲಾ ಒಲ್ಲದ ಲಿಬೋರಿಯೊ," ಎಂದುಬಿಟ್ಟ. ಹೇಳಿದ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ನಿಮ್ಮವನೇ, ಅಣ್ಣ. ಮರ್ಗಾನದ ಹೊಲದಲ್ಲಿ. ಉಳಿದದ್ದು ಬಿಡ್ಲಾ?"

"ಮಾಡಿ ಮುಗಿಸು," ಎಂದೆ.

ಸತ್ತವನ ಒಡಹುಟ್ಟಿದವರು ನಮ್ಮಲ್ಲಿ ಒಂದು ತಿಂಗಳು ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಕೂತೆ. ಇಪ್ಪತ್ತೊಂದು ವರ್ಷ ನಾನು ಆ ತಮ್ಮನೊಡನೆ ಮಾತಾಡಿರಲಿಲ್ಲ. ಅವನು ಎದುರಾದರೆ ಟೋಪಿ ಮುಟ್ಟಿ "ಅಣ್ಣ" ಎನ್ನುತ್ತಿದ್ದ. ನಾನು ಮುಖ ತಿರುಗಿಸುತ್ತಿದ್ದೆ.

ಈಗ ನನಗೆ ಎಂಬತ್ತೆರಡು. ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ಸುಲ್ಲಾ ನಮ್ಮ ಗುಡ್ಡಗಳ ಜೇಡಿಮಣ್ಣಿನ ಮೇವು. ಅವರೆ, ಕಡಲೆಗಳ ಕುಲದ್ದು. ಏಪ್ರಿಲ್‌ನಲ್ಲಿ ಗುಡ್ಡವೆಲ್ಲ ರಕ್ತ ಚೆಲ್ಲಿದ ಹಾಗೆ ಹೂ ಬಿಡುತ್ತದೆ. ಎರಡು ವರ್ಷ ಸುಲ್ಲಾ ನಿಂತ ನೆಲಕ್ಕೆ ಮೂರನೆಯ ವರ್ಷ ಗೋಧಿ ಹಾಕಿದರೆ ಗೊಬ್ಬರವೇ ಬೇಡ. ನನ್ನ ಅಪ್ಪ ಗಿಡ ಕಿತ್ತು, ಬೇರು ಕೊಡವಿ, ಎಳೆಬೇರಿಗೆ ಅಂಟಿಕೊಂಡಿರುವ ಸಾಸಿವೆಯಂಥ ಗಂಟುಗಳನ್ನು ತೋರಿಸುತ್ತಿದ್ದ. ಉಗುರಿನಿಂದ ಸೀಳುತ್ತಿದ್ದ. ಒಳಗೆ ಮಾಂಸದ ಹಾಗೆ ಕೆಂಪಗಿದ್ದರೆ ಹೊಲಕ್ಕೆ ಜೀವವಿದೆ, ಬಿಳಿಚಿಕೊಂಡಿದ್ದರೆ ಇಲ್ಲ. ಆ ಗಂಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ, ಅವರೆಯ ಬೇರಿನವು ಸುಲ್ಲಾಕ್ಕೆ ಆಗುವುದಿಲ್ಲ, ಸುಲ್ಲಾಕ್ಕೆ ಅದರದೇ ಬೇಕು ಎಂಬುದನ್ನು ಬಹಳ ಕಾಲದ ಮೇಲೆ ಕೃಷಿ ಇಲಾಖೆಯವನೊಬ್ಬ ನಮಗೆ ಹೇಳಿದ. ಅಪ್ಪನಿಗೆ ಆ ಹೆಸರುಗಳು ಗೊತ್ತಿರಲಿಲ್ಲ. ಮಾಡುವ ಕೆಲಸ ಗೊತ್ತಿತ್ತು. ಹಿಂದೆಂದೂ ಸುಲ್ಲಾ ಬೆಳೆಯದ ನೆಲಕ್ಕೆ ಬೀಜ ಹಾಕುವವನು ಹಳೆಯ ಸುಲ್ಲಾ ಹೊಲದಿಂದ ಮಣ್ಣು ತಂದು ಬೀಜದ ಜೊತೆ ಎರಚಬೇಕು. ಅದನ್ನು ತಾಯಿಮಣ್ಣು ಎನ್ನುತ್ತೇವೆ. ಮೋಡ ಕವಿದ ದಿನ ಅಗೆಯಬೇಕು, ಒದ್ದೆ ಗೋಣಿ ಹೊದಿಸಿ ಒಯ್ಯಬೇಕು, ಬಿಸಿಲು ತಾಗಬಾರದು. ನಮ್ಮ ಹೆಂಗಸರು ರೊಟ್ಟಿಯ ಹುಳಿಹಿಟ್ಟನ್ನು ಬಟ್ಟೆ ಮುಚ್ಚಿ ಮನೆಯಿಂದ ಮನೆಗೆ ಕೊಡುವ ಹಾಗೆ. ತಾಯಿಮಣ್ಣು ಕೇಳಿದವರಿಗೆ ಇಲ್ಲವೆಂದವರನ್ನು ನಾನು ಕಂಡಿಲ್ಲ. ತಮ್ಮ ಕೇಳಿದಾಗ ನಾನೂ ಇಲ್ಲವೆನ್ನಲಿಲ್ಲ.

ಬ್ಯಾರನ್‌ನ ದೊಡ್ಡ ಜಮೀನ್ದಾರಿಯನ್ನು ಸರ್ಕಾರ ಒಡೆದು ನಮ್ಮಂಥ ರೈತರಿಗೆ ಹಂಚಿದ ವರ್ಷ ಅದು. ಹೆಸರುಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಚೀಟಿ ಎತ್ತಿದರು. ಲಿಬೋರಿಯೊನ ಹೆಸರು ಬಂತು. ನನ್ನದು ಬರಲಿಲ್ಲ. ನಾನು ಹಿರಿಯ, ಮೂರು ಮಕ್ಕಳ ತಂದೆ. ನನ್ನ ಪಾಲಿಗೆ ಇದ್ದದ್ದು ಅಪ್ಪ ಬಿಟ್ಟುಹೋದ ಕೋಜ್ಜೊ ಗುಡ್ಡದ ತುಂಡು. ಅವನಿಗೆ ಮದುವೆಯಾಗಿ ಎಂಟು ತಿಂಗಳು. ಅಂಥವನಿಗೆ ಮರ್ಗಾನದಲ್ಲಿ ಒಂದೇ ಚೌಕದ ವಿಶಾಲ ಹೊಲ. ಹೊರಗೆ ಬಂದು ನನ್ನನ್ನು ಅಪ್ಪಿಕೊಂಡು, "ಇಬ್ಬರದ್ದೂ ಅಂದ್ಕೋ ಅಣ್ಣ," ಎಂದ. ಆ ಮಾತೇ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಕೊಡುವವನು ಅವನು, ಪಡೆಯುವವನು ನಾನು ಎಂದಾಯಿತಲ್ಲ ಎನಿಸಿತು.

ಮರ್ಗಾನದಲ್ಲಿ ಬ್ಯಾರನ್ ಗೋಧಿಯ ಮೇಲೆ ಗೋಧಿ ಹಾಕಿಸಿದ್ದನೇ ಹೊರತು ಸುಲ್ಲಾ ಹಾಕಿಸಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಲಿಬೋರಿಯೊ ನನ್ನಲ್ಲಿ ಹನ್ನೆರಡು ಚೀಲ ತಾಯಿಮಣ್ಣು ಕೇಳಿದ. ಕೊಡುತ್ತೇನೆಂದೆ. ಕೋಜ್ಜೊದ ನಡುಹೊಲದಲ್ಲಿ, ಸುಲ್ಲಾ ಎದೆಯೆತ್ತರ ಬೆಳೆದ ಜಾಗದಲ್ಲೇ ಅಗೆದೆ. ಆಮೇಲೆ ಆ ಮಣ್ಣನ್ನು ಕಣದ ಕಲ್ಲುಚಪ್ಪಡಿಯ ಮೇಲೆ ತೆಳ್ಳಗೆ ಹರವಿದೆ. ಮೂರು ದಿನ ಉರಿಬಿಸಿಲು. ನಡುಹಗಲಿನಲ್ಲಿ ಹೋಗಿ, ಕಾಳು ಒಣಗಿಸುವವನ ಹಾಗೆ, ಮರದ ಕವೆಗೋಲಿನಿಂದ ತಿರುವಿ ಹಾಕಿ ಬರುತ್ತಿದ್ದೆ. ನಾಲ್ಕನೆಯ ದಿನ ಚೀಲಕ್ಕೆ ತುಂಬಿದೆ.

ಅವನು ಹೇಸರಗತ್ತೆಯ ಗಾಡಿ ತಂದ. ಚೀಲವೊಂದನ್ನು ಹೆಗಲಿಗೆ ಎತ್ತಿಕೊಂಡವನು ನಿಂತ.

"ಬೆಚ್ಚಗಿದೆಯಲ್ಲ ಅಣ್ಣ."

"ಬಿಸಿಲಲ್ಲಿ ನಿಂತ ಚೀಲ ಬೆಚ್ಚಗಿರದೆ ಬಾವಿನೀರಿನ ಹಾಗಿರುತ್ತಾ?"

"ಕೋಜ್ಜೊದ್ದೇ ತಾನೆ?"

ನಾನು ಟೋಪಿ ತೆಗೆದು, ಸಂತ ಲಿಬೋರಿಯೊನ ಮೇಲೆ ಆಣೆ ಇಟ್ಟೆ. "ಕೋಜ್ಜೊದ ನಡುಹೊಲದ ಮಣ್ಣು. ಒಂದು ಹಿಡಿ ಬೇರೆ ಕಡೆಯದಿದ್ದರೆ ಆ ಸಂತ ನನ್ನ ಕಣ್ಣು ಕೀಳಲಿ."

ಅದು ನಿಜವೇ ಆಗಿತ್ತು. ನಿಜವಾದ ಮಾತು ಪಾಪವಾಗದೆಂದು ನನ್ನ ಮನಸ್ಸನ್ನು ಒಪ್ಪಿಸಿಕೊಂಡೆ. ಆ ಭಾನುವಾರ ಪರಮಪ್ರಸಾದವನ್ನೂ ಸ್ವೀಕರಿಸಿದೆ.

ಅವನ ಸುಲ್ಲಾ ಹುಟ್ಟಿತು. ಮೊಣಕಾಲಿಗೆ ಬರುವ ಮೊದಲೇ ಹಳದಿಗಟ್ಟಿ ಸತ್ತಿತು. ಮರುವರ್ಷ ಮತ್ತೆ ಬಿತ್ತಿದ, ಹಾಗೆಯೇ ಆಯಿತು. ಊರವರು ಅವನಿಗೆ ಆ ಹೆಸರಿಟ್ಟರು. ಹಾಗೆ ಕರೆದಾಗ ಅವನೂ ನಗುತ್ತಿದ್ದ. ಇಲಾಖೆಯವನು ಬಂದು ಬೇರು ನೋಡಿ, ಇಲ್ಲಿ ಆ ಜೀವಿಯೇ ಇಲ್ಲ, ಇನ್ಯಾರದಾದರೂ ಹೊಲದಿಂದ ಮಣ್ಣು ತರಿಸಿ ಎಂದನಂತೆ. ಲಿಬೋರಿಯೊ ತರಿಸಲಿಲ್ಲ. ಏಕೆ ತರಿಸಲಿಲ್ಲವೆಂದು ಆಗ ನನಗೆ ಗೊತ್ತಾಗಲಿಲ್ಲ. ಗೋಧಿಯ ಮೇಲೆ ಗೋಧಿ ಹಾಕಿದ, ಅದಕ್ಕೆ ಚೀಲ ಚೀಲ ಬಿಳಿ ಉಪ್ಪುಗೊಬ್ಬರ ಸುರಿದ. ಮಣ್ಣಿನ ಹಿಡಿತ ಹೋಯಿತು. ಪ್ರತಿ ಚಳಿಗಾಲದ ಮಳೆಗೂ ಇಳಿಜಾರಿನಲ್ಲಿ ಹೊಸ ಕೊರಕಲು ಬಿತ್ತು. ಆ ಮಂಗಳವಾರ ಅಂಥ ಒಂದು ಕೊರಕಲಿನ ಅಂಚು ಕುಸಿದೇ ಟ್ರ್ಯಾಕ್ಟರು ಉರುಳಿದ್ದು.

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆಂಟರು ಊಟ ಒಯ್ಯಬೇಕು, ಮೊದಲ ಊಟ ಹತ್ತಿರದವರದು. ನನ್ನ ಹೆಂಡತಿ ಗೈತಾನ ಕೋಳಿ ಬೇಯಿಸಿ ಸಾರು ಮಾಡಿ, ಪಾತ್ರೆಗೆ ಬಿಳಿ ಬಟ್ಟೆ ಕಟ್ಟಿದಳು. "ನೀವೂ ಬನ್ನಿ. ಈಗಲೂ ಬರ್ದಿದ್ರೆ ನೀವು ಮನುಷ್ಯರಲ್ಲ," ಎಂದಳು. ಅವಳ ಹಿಂದೆ ಹೋದೆ.

ಲಿಬೋರಿಯೊನ ಹೆಂಡತಿ ಕ್ರೊಚಿಫಿಸ್ಸಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಹೆಂಗಸರು ಜಪಸರ ಹೇಳುತ್ತಿದ್ದರು. ಹೊರಗೆ ಅರ್ಧ ಬೀದಿ ಸೇರಿತ್ತು.

"ಗೈತಾನಕ್ಕ, ನಿಮ್ಮ ಮೇಲೆ ನನಗೇನೂ ಇಲ್ಲ. ಸಾರು ವಾಪಸ್ ತಗೊಂಡು ಹೋಗಿ," ಎಂದಳು. ಆಮೇಲೆ ನನ್ನನ್ನು ಕಂಡಳು. "ಓಹೋ, ಭಾವ! ಬನ್ನಿ, ಬನ್ನಿ, ಯಾಕೆ ಹೆಂಡತಿ ಹಿಂದೆ ನಿಂತಿದೀರಿ? ಬೆಳಕಿಗೆ ಬನ್ನಿ, ಎಲ್ರೂ ನೋಡ್ಲಿ. ತಮ್ಮ ಸತ್ತ ದಿನ ಕೆನ್ನೆ ನುಣ್ಣಗೆ ಬೋಳಿಸ್ಕೊಂಡು ಬಂದಿದೀರಲ್ಲ. ಯಾರದ್ದಾದ್ರೂ ಮದುವೆ ಇತ್ತಾ?"

"ಕ್ರೊಚಿಫಿಸ್ಸಾ, ಹೆಣ ಒಳಗಿದೆ. ಮೆಲ್ಲಗೆ ಮಾತಾಡಮ್ಮ."

"ಇಪ್ಪತ್ತೊಂದು ವರ್ಷ ಮೆಲ್ಲಗೆ ಇದ್ದೆ ಭಾವ. ಮೆಲ್ಲಗಿರು ಅನ್ನೋರು ಈಗ ಒಳಗೆ ಮಲಗಿದಾರೆ." ಅವಳು ಒಂದು ಮೆಟ್ಟಿಲು ಇಳಿದಳು. ದನಿ ತಗ್ಗಿಸಿದಳು, ಆದರೆ ಎಲ್ಲರಿಗೂ ಕೇಳುವಷ್ಟು. "ಮೊದಲ ಚೀಲ ಬಿಚ್ಚಿದ ದಿನವೇ ಅವರಿಗೆ ಗೊತ್ತಾಯ್ತು. ಬೂದಿ ಹಾಗೆ ಹಾರ್ತಿತ್ತು ಆ ಮಣ್ಣು. ಒಂದು ಬೇರಿನ ಎಳೆ ಇಲ್ಲ, ತೇವ ಇಲ್ಲ. ಅದನ್ನೇ ಎರಚಿದ್ರು. ಬೇರೆಯವರ ಹತ್ರ ಕೇಳೋಣ ಅಂದೆ. ಏನಂದ್ರು ಗೊತ್ತಾ? ಬೇರೆಯವರ ಮಣ್ಣಲ್ಲಿ ಸುಲ್ಲಾ ಬಂದ್ರೆ ನನ್ನ ಅಣ್ಣ ಸುಳ್ಳು ಆಣೆ ಇಟ್ಟ ಅಂತ ಊರಿಗೆ ಗೊತ್ತಾಗುತ್ತೆ, ಬೇಡ ಅಂದ್ರು. ನಿಮ್ಮ ಮಾನ ಕಾಯೋಕೆ ಆ ನೆಲಕ್ಕೆ ವರ್ಷ ವರ್ಷ ಉಪ್ಪು ಉಣಿಸಿದ್ರು."

ನಾನು ಅಲ್ಲಿಯೇ ಮಂಡಿಯೂರಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಅದು ಕೋಜ್ಜೊದ ಮಣ್ಣೇ. ನಾನು ಇಟ್ಟದ್ದು ಸುಳ್ಳು ಆಣೆ ಅಲ್ಲ."

"ಹೌದಾ?" ಅವಳು ನಕ್ಕಳು. ಗಂಡ ಸತ್ತ ದಿನ ಒಬ್ಬ ಹೆಂಗಸು ಹಾಗೆ ನಗುವುದನ್ನು ನಾನು ಕೇಳಿರಲಿಲ್ಲ. "ಸರಿ. ನಾಳೆ ಹತ್ತು ಗಂಟೆಗೆ ಎತ್ತೋದು. ಮುಂದಿನ ಬಲಗಡೆ ಹೆಗಲು ಅಣ್ಣನದ್ದು, ಅದು ನಿಮಗಿರ್ಲಿ. ಆದ್ರೆ ಅದಕ್ಕೆ ಮುಂಚೆ ಈ ಮೆಟ್ಟಿಲ ಮೇಲೆ ನಿಂತು, ಆ ಮಣ್ಣಿಗೆ ಏನು ಮಾಡಿದ್ರಿ ಅಂತ ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ಅವರ ಪೆಟ್ಟಿಗೆ ಮುಟ್ಟಬೇಡಿ. ಮುಟ್ಟಿದ್ರೆ ಕೈ ಕಚ್ಚೇನು."

ಸಾರಿನ ಪಾತ್ರೆ ಹೊತ್ತು ಗೈತಾನ ಮನೆಗೆ ಬಂದಳು. ಮನೆಯಲ್ಲಿ ಪಾತ್ರೆ ಇಳಿಸಿ, "ಏನು ಮಾಡಿದ್ರಿ ಆ ಮಣ್ಣಿಗೆ?" ಎಂದಳು. ಹೇಳಲಿಲ್ಲ. ಅವಳು ಸಾರನ್ನು ಹಂದಿಗೆ ಸುರಿದಳು.

ಮಧ್ಯಾಹ್ನ ಚರ್ಚಿಗೆ ಹೋದೆ. ಡಾನ್ ರೊಸೊಲಿನೊ ಗುರುಗಳು ರೈತನ ಮಗ. ಪಾಪನಿವೇದನೆಯ ಜಾಲರಿಯ ಹಿಂದೆ ಕೂತು ಎಲ್ಲವನ್ನೂ ಕೇಳಿದರು.

"ಸಂತನ ಮುಂದೆ ನಾನು ಆಡಿದ ಒಂದೊಂದು ಮಾತೂ ನಿಜ, ಗುರುಗಳೇ."

"ಮಣ್ಣು ಎಲ್ಲಿಯದು ಅಂತ ನಾನು ಕೇಳ್ತಿಲ್ಲ ಮೆಲ್ಕಿಯೋರೆ. ಮೂರು ದಿನ ಎಲ್ಲಿ ಬಿದ್ದಿತ್ತು ಅದು? ಕವೆಗೋಲು ಯಾರ ಕೈಯಲ್ಲಿತ್ತು?"

"ನನ್ನ ಕೈಯಲ್ಲೇ," ಎಂದೆ.

"ನನಗೆ ಹೇಳಿದ್ದು ಸಾಲದು. ಅವಳು ಕೇಳಿದ ಕಡೆ ಹೋಗಿ ಹೇಳು."

"ಅಲ್ಲಿ ಊರೇ ನಿಂತಿರುತ್ತೆ ಗುರುಗಳೇ."

"ಅವತ್ತು ಸ್ವರ್ಗದಲ್ಲಿರೋ ಸಂತನನ್ನೇ ಕರೆದೆ, ಹೆದರಲಿಲ್ಲ. ಇವತ್ತು ಕ್ಷೌರದವನಿಗೂ ಕುಂಬಾರನಿಗೂ ಹೆದರ್ತೀಯಾ? ಎದ್ದು ಹೋಗು. ಅದನ್ನು ಮಾಡೋವರೆಗೂ ನಿನಗೆ ಕ್ಷಮೆಯ ಮಾತು ಹೇಳಲಾರೆ."

ಮರುದಿನ ಹತ್ತು ಗಂಟೆಗೆ ಕಪ್ಪು ಕೋಟು ಹಾಕಿಕೊಂಡು ಹೋದೆ. ಪೆಟ್ಟಿಗೆಯನ್ನು ಬಾಗಿಲಿಗೆ ತಂದಿದ್ದರು. ಹೊರುವವರು ಮೂವರು ನಿಂತಿದ್ದರು, ಮುಂದಿನ ಬಲಗಡೆ ಖಾಲಿ. ಕ್ರೊಚಿಫಿಸ್ಸಾ ಕಪ್ಪು ಮುಸುಕು ಸರಿಸಿ ನನ್ನನ್ನೇ ನೋಡಿದಳು. ಮೆಟ್ಟಿಲೇರಿದೆ. ಬಾಯಿ ತೆರೆದೆ.

"ಅವನ ಆತ್ಮಕ್ಕೆ ದೇವರು ಶಾಂತಿ ಕೊಡಲಿ," ಎಂದೆ.

"ಅದು ದೇವರ ಕೆಲಸ," ಎಂದಳು ಅವಳು. "ನಿಮ್ಮ ಕೆಲಸ ಹೇಳಿ."

ನನ್ನ ಎದುರಿಗೆ ನುಂಜಿಯೊ, ಅವನ ಪಕ್ಕ ಗಿರಣಿಯವನು, ಆಚೆ ಬಲಿಪೂಜೆಯಲ್ಲಿ ನನ್ನ ಜೊತೆ ದೀಪ ಹಿಡಿಯುವ ಸಂಘದವರು. ಮೂವತ್ತು ವರ್ಷ ಹಬ್ಬದ ದಿನ ಸಂತನ ಪಲ್ಲಕ್ಕಿಗೆ ಹೆಗಲು ಕೊಟ್ಟವನು ನಾನು. ನಾಲಿಗೆ ಏಳಲಿಲ್ಲ. ಕೊನೆಗೆ ಕ್ರೊಚಿಫಿಸ್ಸಾ, "ನುಂಜಿಯೊ, ನೀನು ಬಾರಪ್ಪ," ಎಂದಳು. ಕ್ಷೌರದ ನುಂಜಿಯೊ ನನ್ನನ್ನು ದಾಟಿಕೊಂಡು ಹೋಗಿ ನನ್ನ ತಮ್ಮನಿಗೆ ಹೆಗಲು ಕೊಟ್ಟ.

ಪರವೂರುಗಳಿಂದ ಬಂದವರ ನಡುವೆ, ಎಲ್ಲರಿಗಿಂತ ಹಿಂದೆ ನಡೆದೆ. ಒಬ್ಬ ಅಪರಿಚಿತ ನನ್ನನ್ನು, "ಸತ್ತವರು ನಿಮಗೆ ಏನಾಗ್ಬೇಕು?" ಎಂದು ಕೇಳಿದ. "ಊರವರು," ಎಂದೆ. ಆ ಮಾತು ನೆನೆದರೆ ನನಗೆ ಇಂದಿಗೂ ನಿದ್ದೆ ಬರುವುದಿಲ್ಲ.

ಹತ್ತು ದಿನ ಕಳೆಯಿತು. ಗಡ್ಡ ಬೆಳೆಯಿತು, ಯಾರೂ ಅದನ್ನು ನೋಡಲಿಲ್ಲ. ಗೈತಾನ ತಟ್ಟೆ ಮುಂದಿಟ್ಟು ಎದ್ದು ಹೋಗುತ್ತಿದ್ದಳು. ಕ್ರೊಚಿಫಿಸ್ಸಾ ಮರ್ಗಾನದಲ್ಲಿ ಗೋಧಿಯ ಕೂಳೆ ಸುಡಿಸಿದ್ದಾಳೆ, ಸುಲ್ಲಾ ಬೀಜ ಚೆಲ್ಲಿದ್ದಾಳೆ ಎಂದು ನುಂಜಿಯೊ ಬಾವಿಯ ಹತ್ತಿರ ಯಾರಿಗೋ ಹೇಳುತ್ತಿದ್ದ.

"ತಾಯಿಮಣ್ಣು ಯಾರು ಕೊಟ್ರೋ?" ಎಂದು ಆ ಮನುಷ್ಯ ಕೇಳಿದ.

"ಎಲ್ಲರೂ ಕೊಡ್ತೀನಿ ಅಂದ್ರು. ಬೇಕಾ ಅಂತ ನಾನೇ ಹೋಗಿ ಅವಳನ್ನ ಕೇಳ್ದೆ. ಬೇಡ ಅಂದ್ಲು. ಕೊಡಬೇಕಾದವರು ಕೊಡ್ಲಿ, ಇಲ್ಲಾಂದ್ರೆ ಬೀಜ ಅಲ್ಲೇ ಸಾಯ್ಲಿ ಅಂದ್ಲು." ಹಾಗೆನ್ನುತ್ತ ನುಂಜಿಯೊ ನನ್ನ ಕಡೆ ನೋಡಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ.

ಮೊದಲ ಮಳೆ ಬಿದ್ದರೆ ಬೀಜ ಮೊಳೆಯುತ್ತದೆ, ಮೊಳೆತ ಬೇರಿಗೆ ಜೀವಿ ಸಿಗದಿದ್ದರೆ ಆ ವರ್ಷ ಹೋಯಿತು. ಶನಿವಾರ ಸಂಜೆ ಗಾಳಿ ತೆಂಕಣಕ್ಕೆ ತಿರುಗಿತು. ಭಾನುವಾರ ಬೆಳಿಗ್ಗೆ ಆಕಾಶ ಸೀಸದ ಬಣ್ಣವಾಗಿತ್ತು. ನಾನು ಬಲಿಪೂಜೆಗೆ ಹೋಗದೆ ಕೋಜ್ಜೊಗೆ ಹೋದೆ. ಅದೇ ನಡುಹೊಲದಲ್ಲಿ ಅಗೆದೆ. ಹನ್ನೆರಡು ಚೀಲ ತುಂಬಿ, ಒದ್ದೆ ಗೋಣಿ ಹೊದಿಸಿ, ಹೇಸರಗತ್ತೆಯ ಗಾಡಿಗೆ ಹೇರಿದೆ. ನನಗಾಗ ಐವತ್ತೈದು. ಕೊನೆಯ ಚೀಲಗಳನ್ನು ಎತ್ತುವಾಗ ಬೆನ್ನು ಮುರಿದಂತಾಯಿತು.

ಮರ್ಗಾನಕ್ಕೆ ಊರ ಹೊರಗಿನ ದಾರಿಯೂ ಇದೆ. ನಾನು ಚೌಕದ ದಾರಿ ಹಿಡಿದೆ. ಪೂಜೆ ಮುಗಿದು ಗಂಡಸರೆಲ್ಲ ಚರ್ಚಿನ ಮುಂದೆ ನಿಂತಿದ್ದರು. ಗಾಡಿ ನಿಲ್ಲಿಸಿ ಟೋಪಿ ತೆಗೆದೆ.

"ಕೇಳಿ," ಎಂದೆ. "ನಾನು ತಮ್ಮನಿಗೆ ಕೊಟ್ಟ ಮಣ್ಣು ಕೋಜ್ಜೊದ್ದೇ. ಅದನ್ನು ಮೂರು ದಿನ ಕಣದಲ್ಲಿ ಬಿಸಿಲಿಗೆ ಹರವಿ, ತಿರುವಿ ತಿರುವಿ ಸಾಯಿಸಿ ಕೊಟ್ಟೆ. ಚೀಟಿಯಲ್ಲಿ ಅವನ ಹೆಸರು ಬಂತು ಅಂತ ಹೊಟ್ಟೆಕಿಚ್ಚಿಗೆ ಕೊಟ್ಟೆ. ಅದು ಗೊತ್ತಿದ್ದೂ ಸಂತನ ಮೇಲೆ ಆಣೆ ಇಟ್ಟೆ. ಸುಲ್ಲಾ ಅವನನ್ನು ಒಲ್ಲೆ ಅನ್ನಲಿಲ್ಲ. ಒಲ್ಲೆ ಅಂದವನು ನಾನು."

ಗಿರಣಿಯವನು ನೆಲಕ್ಕೆ ಉಗುಳಿದ. ನುಂಜಿಯೊನ ಮುಖ ಕೆಂಪಾಯಿತು.

"ಇಪ್ಪತ್ತೊಂದು ವರ್ಷ ಅವನ ಎದುರಿಗೇ ಆ ಹೆಸರು ಹಿಡಿದು ನಗ್ತಿದ್ವಲ್ಲೋ," ಎಂದ. ಮೊದಲ ಬಾರಿ ನನ್ನನ್ನು ಏಕವಚನದಲ್ಲಿ ಕರೆದ. "ನಮ್ಮನ್ನೂ ಸೇರಿಸ್ಕೊಂಡೆಯಲ್ಲೋ ಪಾಪಿ ಅದರಲ್ಲಿ."

"ಹೋಗಯ್ಯ, ಮಣ್ಣು ಒಣಗಿಸೋನೇ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಇಂದಿಗೂ ಊರಿನಲ್ಲಿ ನನ್ನನ್ನು ಕರೆಯುವುದು ಆ ಹೆಸರಿನಿಂದಲೇ. ನನಗೆ ತಕ್ಕ ಹೆಸರು.

ಕ್ರೊಚಿಫಿಸ್ಸಾ ಹೊಲದ ಬದುವಿನಲ್ಲಿದ್ದಳು. ಸುದ್ದಿ ನನಗಿಂತ ಮೊದಲೇ ಅವಳನ್ನು ಮುಟ್ಟಿತ್ತು. ನನ್ನತ್ತ ನೋಡದೆ ಗಾಡಿಯ ಹತ್ತಿರ ಬಂದು ಗೋಣಿ ಸರಿಸಿದಳು. ಹನ್ನೆರಡು ಚೀಲಕ್ಕೂ ಒಂದೊಂದಾಗಿ ಮೊಣಕೈವರೆಗೆ ಕೈ ಇಳಿಸಿದಳು, ತಳದ ಮಣ್ಣು ತೆಗೆದು ಮೂಸಿದಳು.

"ತಣ್ಣಗಿದೆ," ಎಂದಳು. "ಎರಚಿ. ನೀವೇ. ಕೈಯಲ್ಲಿ."

ಅಳತೆ ಮಾಡಿ ಸಾಲು ಸಾಲಾಗಿ ಎರಚುತ್ತ ಹೋದೆ. ಅವಳು ಹಿಂದಿನಿಂದ ಹಲ್ಲುಕುಂಟೆಯಿಂದ ಮಣ್ಣು ಮುಚ್ಚುತ್ತ ಬಂದಳು. ಕೊರಕಲು ಬಿದ್ದ ಜಾಗ ಬಂದಾಗ ನನ್ನ ಕಾಲು ನಿಂತಿತು. ಟ್ರ್ಯಾಕ್ಟರಿನ ಎಣ್ಣೆಯ ಕಲೆ ಇನ್ನೂ ಹಾಗೆಯೇ ಇತ್ತು.

"ಅಲ್ಲೂ ಹಾಕಿ," ಎಂದಳು. "ಅಲ್ಲೇ ಜಾಸ್ತಿ ಹಾಕಿ."

ಮುಗಿಯುವ ಹೊತ್ತಿಗೆ ತುಂತುರು ಬಿತ್ತು. ಖಾಲಿ ಚೀಲಗಳನ್ನು ಮಡಚಿದೆ. ಅವಳು ನನ್ನ ಮುಖ ನೋಡಿದಳು.

"ನೀವು ಹೇಳಿದ್ದು ಒಳ್ಳೇದಾಯ್ತು, ಭಾವ. ಅವರ ಹೆಸರು ತೊಳೀತು. ಆದ್ರೆ ಹೆಗಲು ಕೊಡೋ ದಿನ ಹೇಳ್ಲಿಲ್ಲ. ಅದು ಹೋಯ್ತು, ಮತ್ತೆ ಬರಲ್ಲ. ಅವರಾಗಿದ್ರೆ ನಿಮ್ಮನ್ನ ಒಳಗೆ ಕರೆದು ವೈನ್ ಕೊಡ್ತಿದ್ರು. ನಾನು ಅವರಲ್ಲ. ನನ್ನ ಬಾಗಿಲಿಗೆ ಬರಬೇಡಿ."

ಹೋಗಲಿಲ್ಲ. ಗುರುಗಳು ಆ ವಾರ ಕ್ಷಮೆಯ ಮಾತನ್ನು ಹೇಳಿದರು. ಅದನ್ನು ಕೇಳಿದಾಗ ನನಗೆ ಹಗುರವಾಗಲಿಲ್ಲ, ಆದರೆ ಪ್ರಾರ್ಥಿಸಲು ಬಂತು. ಅಲ್ಲಿಯವರೆಗೆ ಬಾಯಿ ಮಾತ್ರ ಆಡುತ್ತಿತ್ತು.

ಮಾರ್ಚಿನಲ್ಲಿ ಒಂದು ದಿನ ಮರ್ಗಾನದ ರಸ್ತೆಯಲ್ಲಿ ಹಾದುಹೋಗಬೇಕಾಯಿತು. ಬೇಕೆಂದೇ ಹೋದೆನೆಂದರೂ ತಪ್ಪಿಲ್ಲ. ಸುಲ್ಲಾ ಮೊಣಕಾಲೆತ್ತರ ಇತ್ತು, ಕಡುಹಸಿರು, ಕೊರಕಲಿನ ಅಂಚನ್ನೂ ಮುಚ್ಚಿಕೊಂಡಿತ್ತು. ಕಲ್ಲುಗೋಡೆಯ ಹೊರಗೇ ನಿಂತೆ. ಒಳಗೆ ಕ್ರೊಚಿಫಿಸ್ಸಾ ಕಳೆ ಕೀಳುತ್ತಿದ್ದಳು. ನನ್ನನ್ನು ಕಂಡಳು. ಒಂದು ಗಿಡವನ್ನು ಬೇರುಸಹಿತ ಕಿತ್ತು, ಕೊಡವುತ್ತ ಗೋಡೆಯವರೆಗೆ ಬಂದಳು. ಒಂದು ಗಂಟನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ ಅಂಗೈ ಮೇಲಿಟ್ಟು ನನ್ನ ಕಣ್ಣಿನ ಹತ್ತಿರ ಹಿಡಿದಳು. ಒಳಗೆ ಕೆಂಪಗಿತ್ತು.

"ನೋಡಿದ್ರಾ? ಸರಿಯಾಗಿ ನೋಡ್ಕೊಳ್ಳಿ," ಎಂದಳು. "ಇಪ್ಪತ್ತೊಂದು ವರ್ಷ ಅವರು ಪ್ರತಿ ವಸಂತದಲ್ಲೂ ಇದನ್ನ ಹುಡುಕ್ತಿದ್ರು. ಬೇಲಿ ಬದಿಯ ಕಾಡು ಗಿಡ ಕಿತ್ತು ನೋಡ್ತಿದ್ರು. ಈಗ ಹೊರಡಿ."

ಅಲ್ಲಿಂದ ನೇರವಾಗಿ ಸ್ಮಶಾನಕ್ಕೆ ನಡೆದೆ. ಅವನ ಸಮಾಧಿಯ ಮುಂದೆ ಅಲ್ಲಿಯವರೆಗೆ ನಾನು ಒಬ್ಬನೇ ನಿಂತಿರಲಿಲ್ಲ. ಹೂ ತಂದಿರಲಿಲ್ಲ. ಮಂಡಿಯೂರಿದೆ. ಅಂದು ಹೇಳಿದ್ದನ್ನೇ ಈಗಲೂ ದಿನಾ ಹೇಳುತ್ತೇನೆ, ಸಾಯುವವರೆಗೂ ಹೇಳುತ್ತೇನೆ.

ಕರ್ತನೇ, ನನ್ನ ತಮ್ಮ ಲಿಬೋರಿಯೊನನ್ನು ನಿನ್ನ ಕೈಯಲ್ಲಿಟ್ಟಿದ್ದೇನೆ. ಅವನು ಒಬ್ಬನ ತಪ್ಪನ್ನು ತಿಳಿದೂ ಬಾಯಿ ಬಿಡದೆ ಹೊತ್ತನು, ನೀನೂ ಹಾಗೆಯೇ ನಮ್ಮೆಲ್ಲರದನ್ನು ಹೊತ್ತವನು, ಆದ್ದರಿಂದ ನಿನಗೆ ಅವನ ಗುರುತು ಸಿಗುತ್ತದೆ. ಅವನನ್ನು ಕಂಡು ನಕ್ಕವರ ಮಾತುಗಳು ಅವನ ಕಿವಿಗೆ ಇನ್ನು ಬೀಳದಿರಲಿ. ನನ್ನ ಪಾಪದ ಭಾರವನ್ನು ಅವನ ದಾರಿಯಲ್ಲಿ ಇಡಬೇಡ, ಅದನ್ನು ನನ್ನಲ್ಲೇ ಕೇಳು. ದಣಿದವನು ಅವನು, ಸ್ವಾಮಿ. ಅವನಿಗೆ ನಿನ್ನ ಬೆಳಕಿನಲ್ಲಿ ಜಾಗ ಕೊಡು, ಎಂದೂ ಮುಗಿಯದ ವಿಶ್ರಾಂತಿ ಕೊಡು. ಮರಿಯಮ್ಮ ತಾಯಿ, ಅವನನ್ನು ನಿನ್ನ ಹತ್ತಿರ ಮಲಗಿಸಿಕೊ. ಆಮೆನ್.